ಗುಗ್ಗುಳದ ಹಾಳೆಗೆ ಯಾರ ಹೆಸರು

ಅಕ್ಟೋಬರ್ 6, ಸೋಮವಾರ, ಡೊಂಬಿವಲಿ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ಬಾಯಿಬಿಟ್ಟು ಹೇಳಿದರೆ ಈ ಮನೆಯಲ್ಲಿ ಕೇಳುವವರಿಲ್ಲ, ಹೇಳದೆ ಇದ್ದರೆ ಹೊಟ್ಟೆ ಉರಿದು ಸಾಯುತ್ತೇನೆ.

ಕಮಲಾಕ್ಷ ನನ್ನ ಗಿಡಗಳನ್ನು ಕದ್ದಿದ್ದಾನೆ.

ಬೆಳಿಗ್ಗೆ ಮಗಳು ನಿಕಿತಾ ಐರೋಲಿಯ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲೇ ಫೋನು ನನ್ನ ಮೂಗಿನ ಹತ್ತಿರ ಹಿಡಿದಳು. "ಮಮ್ಮಿ, ಯೇ ಸಬ್ ತುಮ್ಹಾರಾ ವಾಲಾ ಹೈ ನಾ?" ಇದೆಲ್ಲ ನಿನ್ನದಲ್ಲವಾ ಎಂದು. ನವಿ ಮುಂಬಯಿಯ ಸಸ್ಯ ಕೇಂದ್ರದವರು ತಮ್ಮ ಹರ್ಬೇರಿಯಂ ಅನ್ನು ಪೂರ್ತಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಒತ್ತಿ ಒಣಗಿಸಿ ದಪ್ಪ ಹಾಳೆಗೆ ಹೊಲಿದಿಟ್ಟ ಗಿಡಗಳ ಫೋಟೋ, ಪ್ರತಿ ಹಾಳೆಯ ಬಲಮೂಲೆಯಲ್ಲಿ ಒಂದು ಚೀಟಿ. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಕು, ಸಂಗ್ರಹಿಸಿದವರ ಹೆಸರು. ಥಾರ್ ಮರುಭೂಮಿಯಿಂದ ನಾನು ತಂದ ಗಿಡಗಳೆಲ್ಲ ಅಲ್ಲಿವೆ. ಹೊಲಿಗೆ ನನ್ನದು, ಎಲೆ ಮಡಚಿದ ರೀತಿ ನನ್ನದು. ಸಂಗ್ರಹಿಸಿದವರು ಮಾತ್ರ ಡಾ. ಕಮಲಾಕ್ಷ. ಒಂದರಲ್ಲಲ್ಲ, ಎಲ್ಲದರಲ್ಲೂ.

ಮೂರು ಚಳಿಗಾಲ ನಾನು ಜೈಸಲ್ಮೇರ್ ಕಡೆ ತಿರುಗಿದ್ದೇನೆ. ಆಗ ಇಬ್ಬರೂ ಕಲ್ಯಾಣದ ಒಬ್ಬರೇ ಗುರುಗಳ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು, ಇಬ್ಬರೂ ಉಡುಪಿ ಕಡೆಯವರು. ಈ ಮಹಾಶಯ ಮೊದಲ ವರ್ಷ ಒಂದು ಸಲ ಬಂದ, ಹೊಟ್ಟೆ ಕೆಡಿಸಿಕೊಂಡು ಧರ್ಮಶಾಲೆಯಲ್ಲೇ ಮಲಗಿದ್ದು ರೈಲು ಹತ್ತಿದ. ಆಮೇಲೆ ಮರಳಿನ ಕಡೆ ತಲೆ ಹಾಕಲಿಲ್ಲ.

ಇದು ಹೇಗಾಯಿತು ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 2005ರ ಜುಲೈಯಲ್ಲಿ ಕಲ್ಯಾಣ ಮುಳುಗಿದಾಗ ಕಾಲೇಜಿನ ಕಪಾಟುಗಳಿಗೂ ನೀರು ನುಗ್ಗಿತ್ತು. ಹಾಳೆಗಳು ಬದುಕಿಕೊಂಡವು, ಚೀಟಿಗಳ ಶಾಯಿ ಹೋಯಿತು. ನಾನು ನಿಕಿತಾಳನ್ನು ಹೆತ್ತು ಆಸ್ಪತ್ರೆಯಲ್ಲಿದ್ದೆ. "ಚೀಟಿ ನಾನು ಹೊಸತು ಟೈಪ್ ಮಾಡಿ ಅಂಟಿಸ್ತೇನೆ, ನೀನು ಆರಾಮ ಮಾಡು" ಎಂದು ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಬಂದಿದ್ದ. ಎಷ್ಟು ಒಳ್ಳೆಯವನು ಎಂದುಕೊಂಡಿದ್ದೆ. ಆಮೇಲೆ ಹಾಳೆಗಳೆಲ್ಲ ಕೇಂದ್ರಕ್ಕೆ ಹೋದವು, ಅವನೂ ಹೋದ, ಈಗ ಅದರ ಮುಖ್ಯಸ್ಥ. ನಾನು ಇನ್ನೂ ಕಲ್ಯಾಣದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ದಾಸವಾಳ ಕೊಯ್ದು ತೋರಿಸುತ್ತಿದ್ದೇನೆ.

ಇವರು ಘಣಸೋಲಿಯ ತಮ್ಮ ಕ್ಯಾಂಟೀನಿನಿಂದ ಬಂದ ಮೇಲೆ ಹೇಳಿದೆ. "ಗಿಡಕ್ಕೆ ಓದ್ಲಿಕ್ಕೆ ಬರ್ತದಾ ಮಾರಾಯ್ತಿ, ಯಾರ ಹೆಸರಿದ್ರೆ ಎಂತ?" ಎಂದು ಸ್ನಾನಕ್ಕೆ ಹೋದರು. ಕ್ಯಾಂಟೀನಿನ ಬೋರ್ಡಿನಲ್ಲಿ ಮುಂಡಪ್ಪ ಎಂಬ ಹೆಸರು ತೆಗೆದು ಪಕ್ಕದ ವಡಾಪಾವಿನವನ ಹೆಸರು ಬರೆಸುತ್ತೇನೆ, ಆಗ ಗೊತ್ತಾಗುತ್ತದೆ.

ಅಕ್ಟೋಬರ್ 9, ಗುರುವಾರ

ರಜೆ ಹಾಕಿ ಕೇಂದ್ರಕ್ಕೆ ಹೋದೆ. ಥಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯುವಷ್ಟರಲ್ಲಿ ಅರ್ಧ ಸಿಟ್ಟು ಗರ್ದಿಯಲ್ಲೇ ಕಳೆದುಹೋಗಿತ್ತು, ಅಲ್ಲಿಗೆ ಹೋಗಿ ಹಾಳೆಗಳನ್ನು ಕಣ್ಣಾರೆ ನೋಡಿದ ಮೇಲೆ ದುಪ್ಪಟ್ಟಾಗಿ ತಿರುಗಿ ಬಂತು.

ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವಳು ತೃಪ್ತಿ ಎಂಬ ಹುಡುಗಿ. ಅಪ್ಪ ಅಮ್ಮ ವಿಜಯಪುರದವರು, ಮನೆ ಕಲ್ಯಾಣ. ನನ್ನ ಕನ್ನಡ ಕೇಳಿ ಕುರ್ಚಿ ಹಾಕಿ ಕೂರಿಸಿದಳು. "ಚೀಟ್ಯಾಗ ಏನದ ಅದನ್ನ ಹಾಕೀನ್ರಿ ಮೇಡಂ. ನನಗೇನ್ ಗೊತ್ತಾಗ್ಬೇಕು" ಎಂದಳು. ಅವಳದ್ದು ತಪ್ಪಿಲ್ಲ.

ಕಮಲಾಕ್ಷ ತನ್ನ ಕ್ಯಾಬಿನ್ನಿನಿಂದ ಎದ್ದು ಬಂದ. ಕೂದಲಿಗೆ ಬಣ್ಣ ಹಚ್ಚಿದ್ದಾನೆ.

"ಓ, ಲೋಲಾಕ್ಷಿ. ಎಷ್ಟು ವರ್ಷ ಆಯ್ತು. ಚಾ ಕುಡಿಯುವಾ."

"ಚಾ ಬೇಡ. ನನ್ನ ಗಿಡಕ್ಕೆ ನಿನ್ನ ಹೆಸರು ಯಾಕೆ ಬಂತು, ಅದನ್ನು ಹೇಳು."

"ನಾವು ಒಟ್ಟಿಗೇ ಮಾಡಿದ ಕೆಲಸ ಅಲ್ಲವಾ? ಆಗ ಯಾರು ತಂದದ್ದು ಯಾವುದು ಅಂತ ನೆನಪುಂಟಾ ಯಾರಿಗಾದ್ರೂ?"

"ನನಗೆ ಉಂಟು."

"ಹಾಗಾದ್ರೆ ಪ್ರೂಫ್ ಕೊಡು" ಎಂದು ನಕ್ಕ. ಆ ನಗು ನೋಡಿದ ಮೇಲೆ ಇವನನ್ನು ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಹೊರಡುವ ಮೊದಲು ತೃಪ್ತಿಗೆ ಹೇಳಿ ಗುಗ್ಗುಳದ ದಾಖಲೆ ತೆರೆಸಿದೆ. ಅಳಿದುಹೋಗುತ್ತಿರುವ ಗಿಡಗಳ ನಿಖರ ಜಾಗವನ್ನು ಪೋರ್ಟಲಿನಲ್ಲಿ ತೋರಿಸುವುದಿಲ್ಲ, ಜಿಲ್ಲೆಯಷ್ಟು ದೊಡ್ಡ ಚೌಕ ಬರೆದು ಮುಚ್ಚುತ್ತಾರೆ. ಇದು ಎಲ್ಲ ಕಡೆಯ ರೂಢಿ. ಒಳಗಿನವರಿಗೆ ಮಾತ್ರ ಸರಿಯಾದ ಗುರುತು ಕಾಣುತ್ತದೆ. ನಾನು ಬರೆದ ಹಳೆ ಚೀಟಿಯಲ್ಲಿ 'ಜೈಸಲ್ಮೇರ್ ಜಿಲ್ಲೆ, ಕಲ್ಲುಗುಡ್ಡ' ಎಂದಷ್ಟೇ ಇತ್ತು. ಈ ಪಂಡಿತ ಅದನ್ನು ಪೂರ್ತಿ ಮಾಡಲು ಹೋಗಿ ಗುರುತನ್ನು ಒಂದು ಮರಳುದಿಬ್ಬದ ನೆತ್ತಿಯ ಮೇಲೆ ಇಟ್ಟಿದ್ದಾನೆ. ಗುಗ್ಗುಳ ಕಲ್ಲಿನ ಸಂದಿಯಲ್ಲಿ ಬೇರು ಬಿಡುವ ಗಿಡ. ಹಾರುವ ಮರಳಿನಲ್ಲಿ ಒಂದು ವರ್ಷವೂ ನಿಲ್ಲುವುದಿಲ್ಲ.

ನಾನು ಬಾಯಿ ಬಿಡಲಿಲ್ಲ. ಗಾಡಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಎದುರಿಗೆ ಕೂತ ಮೀನು ಮಾರುವ ಹೆಂಗಸು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಅಕ್ಟೋಬರ್ 12, ಭಾನುವಾರ

ಪ್ರೂಫ್ ನನ್ನ ಹತ್ತಿರ ಇದೆ. ಜಾಗವೇ ಪ್ರೂಫ್. ಗುಗ್ಗುಳ ಸಿಕ್ಕಿದ್ದು ಎಲ್ಲಿ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಂದು ಹಾಳೆಯಲ್ಲಿ ಅವನ ಸುಳ್ಳು ಹೊರಬಿದ್ದರೆ ಉಳಿದದ್ದೂ ಬೀಳುತ್ತದೆ.

ಆದರೆ ಆ ಜಾಗವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಅಲ್ಲಿನವರ ಮಾತಿನಲ್ಲಿ ಅದೊಂದು ಓರಣ. ನಮ್ಮ ಕಡೆಯ ನಾಗಬನದ ಹಾಗೆ, ದೇವಿಗೆ ಬಿಟ್ಟ ಕಾಡು, ಒಳಗೆ ಕತ್ತಿ ಹೋಗಬಾರದು. ಅಲ್ಲಿನ ಗುಗ್ಗುಳದ ಗಿಡಗಳಷ್ಟು ಮುದಿ ಗಿಡಗಳನ್ನು ನಾನು ಬೇರೆಲ್ಲೂ ನೋಡಿಲ್ಲ. ಸೊಟ್ಟ ಕೊಂಬೆ, ಮುಳ್ಳು, ಕಾಗದದ ಹಾಗೆ ಸುಲಿಯುವ ತೊಗಟೆ. ಗಾಯ ಮಾಡಿದರೆ ಅಂಟು ಒಸರುತ್ತದೆ. ಧೂಪಕ್ಕೂ ಅದೇ, ಮಂಡಿನೋವಿನ ಮಾತ್ರೆಗೂ ಅದೇ. ಹೆಚ್ಚು ಅಂಟು ಬರಲಿ ಎಂದು ಜನ ಬುಡದವರೆಗೆ ಸೀಳಿ ಏನೇನೋ ಔಷಧಿ ಹಚ್ಚುತ್ತಾರೆ, ಗಿಡ ಒಂದೇ ಬೇಸಿಗೆಯಲ್ಲಿ ಒಣಗುತ್ತದೆ. ಸುತ್ತಲಿನ ಗುಡ್ಡಗಳೆಲ್ಲ ಹಾಗೆಯೇ ಬೋಳಾಗಿದ್ದವು.

ಓರಣವನ್ನು ಕಾಯುತ್ತಿದ್ದವಳು ಚಂದ್ರಬಾಯಿ. ಅವಳ ಗುಡಿಸಲಿನಲ್ಲಿ ನಾನು ಬಾಜ್ರಾ ರೊಟ್ಟಿ ತಿಂದು ಮಲಗಿದ್ದೇನೆ. ಒಂದೇ ಒಂದು ಟೊಂಗೆ ಕೊಯ್ಯಲು ದೇವಿಗೆ ಕೈಮುಗಿದು ಅಪ್ಪಣೆ ಕೇಳಿ, ನನ್ನ ತಲೆ ಮುಟ್ಟಿ, "ದಾರಿ ಯಾರಿಗೂ ಹೇಳಬೇಡ ಬೆಹನ್" ಎಂದಿದ್ದಳು. ಹಾಗಾಗಿಯೇ ಚೀಟಿಯಲ್ಲಿ ಜಿಲ್ಲೆ, ಕಲ್ಲುಗುಡ್ಡ ಎಂಬುದು ಬಿಟ್ಟು ಬೇರೇನೂ ಬರೆಯಲಿಲ್ಲ. ನನ್ನ ಈ ಪ್ರಾಮಾಣಿಕತೆಯೇ ಆ ಕಳ್ಳನಿಗೆ ಅನುಕೂಲವಾಯಿತು.

ಹೇಳುವುದಿಲ್ಲ. ಬೇರೆ ದಾರಿ ಹುಡುಕುತ್ತೇನೆ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿ. ಕಮಲಾಕ್ಷ ವಾಟ್ಸಾಪಿನಲ್ಲಿ ಹಣತೆಯ ಚಿತ್ರ ಕಳಿಸಿದ್ದಾನೆ. 'ಕತ್ತಲೆ ಅಳಿಯಲಿ' ಅಂತೆ. ಉತ್ತರ ಕೊಡಲಿಲ್ಲ. ನಿಕಿತಾ ರಂಗೋಲಿ ಹಾಕು ಎಂದು ಕಾಡಿದಳು, ಕೈ ಏಳಲಿಲ್ಲ.

ನವೆಂಬರ್ 8, ಶನಿವಾರ

ಡಾ. ಅನಘಾರನ್ನು ಥಾಣೆಯಲ್ಲಿ ಅವರ ಮನೆಗೇ ಹೋಗಿ ಕಂಡೆ. ಕೇಂದ್ರದ ದಾಖಲೆಗಳ ಸಮಿತಿಗೆ ಅವರೇ ಅಧ್ಯಕ್ಷೆ. ಎಲ್ಲ ಕೇಳಿಸಿಕೊಂಡರು. ನನ್ನ ಮೇಲೆ ನಂಬಿಕೆ ಬಂದದ್ದು ಮುಖದಲ್ಲಿ ಕಾಣುತ್ತಿತ್ತು. "ಲೋಲಾಕ್ಷಿತಾಯಿ, ಜಾಗವನ್ನು ನನಗೊಬ್ಬಳಿಗೆ ಬರೆದುಕೊಡಿ" ಎಂದು ಮರಾಠಿಯಲ್ಲಿ ಹೇಳಿದರು. ಅವರು ಒಬ್ಬನನ್ನು ಕಳಿಸಿ ನೋಡಿಸುತ್ತಾರಂತೆ. ಗಿಡ ಅಲ್ಲಿದ್ದರೆ ಹೆಸರು ಬದಲಾಗುತ್ತದೆ, ಜಾಗ ಎಂದಿನಂತೆ ಮುಚ್ಚಿಯೇ ಇರುತ್ತದೆ, ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ.

"ಕಮಲಾಕ್ಷನಿಗೆ?"

"ಅವರಿಗೆ ಒಂದು ಪತ್ರ ಹೋಗುತ್ತದೆ. ಸದ್ದಿಲ್ಲದೆ ಮುಗಿಸೋಣ."

ಸದ್ದಿಲ್ಲದೆ ಅಂತೆ. ಇಪ್ಪತ್ತು ವರ್ಷ ಅವನು ಊರೂರಿನಲ್ಲಿ ಭಾಷಣ ಮಾಡಿದ್ದಾನೆ, ಶಾಲು ಹೊದ್ದಿದ್ದಾನೆ, 'ಮರುಭೂಮಿಯ ಕಮಲಾಕ್ಷ' ಎಂದು ಪೇಪರಿನಲ್ಲಿ ಹಾಕಿಸಿಕೊಂಡಿದ್ದಾನೆ. ಅದೆಲ್ಲ ಸದ್ದು ಮಾಡಿಕೊಂಡೇ ಆದದ್ದು. ನನ್ನ ಹೆಸರು ಮಾತ್ರ ಹಿಂಬಾಗಿಲಿನಿಂದ ಒಳಗೆ ಬರಬೇಕು.

ಜಾಗ ಬರೆದು ಹಾಕಿ ಕೊಡಲು ಅನಘಾ ಕೊಟ್ಟ ಖಾಲಿ ಲಕೋಟೆ ತೆಗೆದುಕೊಂಡು ಬಂದೆ. ನೋಡೋಣ.

ನವೆಂಬರ್ 19, ಬುಧವಾರ

ನಿಕಿತಾಳ ಲ್ಯಾಪ್‌ಟಾಪಿನಲ್ಲಿ ಉಪಗ್ರಹದ ನಕ್ಷೆ ತೆರೆದು ಸಂಜೆಯೆಲ್ಲ ಹುಡುಕಿದೆ. ಬತ್ತಿದ ಹೊಳೆಯ ಜಾಡು ಹಿಡಿದು ಹೋದೆ. ಮೊದಲು ಗುಡಿಸಲುಗಳು, ಆಮೇಲೆ ಬಾವಿ, ಆಮೇಲೆ ಕಪ್ಪು ಗುಡ್ಡ. ದೇವಿಯ ಕಟ್ಟೆ ಬಿಳಿ ಚುಕ್ಕೆಯಾಗಿ ಕಂಡಿತು. ಅದರ ಸುತ್ತ ಗಿಡಗಳು. ಇವೆ, ಇನ್ನೂ ಇವೆ. ಅಳು ಬಂತು.

ನಿಕಿತಾ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. "ಮಮ್ಮಿ, ಕಲ್ ಮೇರಾ ವೈವಾ ಹೈ, ಲ್ಯಾಪ್‌ಟಾಪ್ ದೇ ದೋ" ಎಂದು ಎರಡು ಸಲ ಕೇಳಿದಳಂತೆ. ಒಂದು ದಿನ ಫೋನಿನಲ್ಲಿ ಓದಿದರೆ ಏನಾಗುತ್ತದೆ? ನಾನು ಟಾರ್ಚು ಹಿಡಿದು ಓದಿದವಳು.

ನವೆಂಬರ್ 20, ಗುರುವಾರ

ಲಕೋಟೆ ಕೊಟ್ಟಿಲ್ಲ.

ನವೆಂಬರ್ 30, ಭಾನುವಾರ

ಆಮಂತ್ರಣ ಬಂದಿದೆ. ಡಿಸೆಂಬರ್ 13ಕ್ಕೆ ಐರೋಲಿಯ ಸಭಾಗೃಹದಲ್ಲಿ ಪೋರ್ಟಲಿನ ಉತ್ಸವ. ಡಾ. ಕಮಲಾಕ್ಷರಿಂದ 'ಮರುಭೂಮಿಯಲ್ಲಿ ನನ್ನ ಹೆಜ್ಜೆಗಳು' ಎಂಬ ಉಪನ್ಯಾಸ, ನಂತರ ಅವರಿಗೆ ಸನ್ಮಾನ. ಧರ್ಮಶಾಲೆಯ ಮಂಚದಿಂದ ಪಾಯಖಾನೆಗೆ ಹೋದ ಹೆಜ್ಜೆಗಳು ಇರಬೇಕು.

ಸನ್ಮಾನದ ಪ್ರಾಯೋಜಕರು ಹಣಮಂತ್ರಾಯ ಎಂಬವರು. ಕಲಬುರಗಿ ಕಡೆಯವರು, ಕಳಂಬೋಲಿಯಲ್ಲಿ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಗೋದಾಮು ಇದೆ. ಗಿಡಮೂಲಿಕೆ, ಬೇರು, ಅಂಟುಗಳ ಸಗಟು ವ್ಯಾಪಾರ.

ಇವರು ಇವತ್ತು ಕ್ಯಾಂಟೀನಿಗೆ ಬಾ ಎಂದರು, ಇಡ್ಲಿ ಮಾಡುವವನು ಊರಿಗೆ ಓಡಿಹೋಗಿದ್ದಾನೆ. "ಒಂದು ವಾರ ನಿಂತುಕೊಳ್ಳು ಲೋಲಾ, ನನಗೆ ಕೈ ಸಾಲುದಿಲ್ಲ." ನನಗೆ ನನ್ನ ಕೆಲಸವಿದೆ ಎಂದೆ. ಎಂತ ಕೆಲಸ ಎಂದು ಕೇಳಲಿಲ್ಲ, ಸುಮ್ಮನೆ ಚೀಲ ಹೆಗಲಿಗೆ ಹಾಕಿ ಹೋದರು. ಕೇಳಿದ್ದರೆ ಹೇಳುತ್ತಿದ್ದೆ.

ಲಕೋಟೆ ಹರಿದು ಕಸದ ಬುಟ್ಟಿಗೆ ಹಾಕಿದೆ. ಸಭೆಯಲ್ಲೇ ಕೇಳುತ್ತೇನೆ.

ಡಿಸೆಂಬರ್ 5, ಶುಕ್ರವಾರ

ಚಂದ್ರಬಾಯಿಗೆ ಕೊಟ್ಟ ಮಾತಿನ ಬಗ್ಗೆ ಯೋಚಿಸಿದೆ. ಅವಳು ಹೇಳಿದ್ದು ದಾರಿ ಹೇಳಬೇಡ ಎಂದು. ನಕ್ಷೆಯಲ್ಲಿ ಒಂದು ಚುಕ್ಕೆ ತೋರಿಸಿದರೆ ಅದು ದಾರಿ ಆಗುವುದಿಲ್ಲ. ಸಭೆಗೆ ಬರುವವರೆಲ್ಲ ಓದಿದವರು. ಇಷ್ಟಕ್ಕೂ ಅವಳಿಗೆ ಆಗಲೇ ವಯಸ್ಸಾಗಿತ್ತು, ಈಗ ಇದ್ದಾಳೋ ಇಲ್ಲವೋ.

ಡಿಸೆಂಬರ್ 13, ಶನಿವಾರ

ಆಯಿತು. ಒಂದು ಮಾತೂ ಬಿಡದೆ ಬರೆದಿಡುತ್ತೇನೆ.

ಮದುವೆಯ ನಂತರ ಎರಡನೇ ಸಲ ಆ ಹಸಿರು ಕಾಂಜೀವರಂ ಉಟ್ಟೆ. ಮೂರನೇ ಸಾಲಿನಲ್ಲಿ ಕೂತೆ. ಕಮಲಾಕ್ಷ ಪರದೆಯ ಮೇಲೆ ಒಂದೊಂದೇ ಹಾಳೆ ತೋರಿಸುತ್ತಾ ಹೋದ. ಬಿಸಿಲಿನಲ್ಲಿ ನಡೆದೆ, ಬಾಯಾರಿ ಬಿದ್ದೆ, ಒಂಟೆಯವನು ನೀರು ಕೊಟ್ಟ. ಒಂಟೆಯವನು ನೀರು ಕೊಟ್ಟದ್ದು ನನಗೆ. ನಾನೇ ಅವನಿಗೆ ಹೇಳಿದ ಕತೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಗುಗ್ಗುಳದ ಹಾಳೆ ಬಂತು.

ಪ್ರಶ್ನೆ ಇದ್ದರೆ ಕೇಳಬಹುದು ಎಂದಾಗ ಎದ್ದೆ. ಮೈಕು ನನ್ನ ಕೈಗೆ ಬಂತು.

"ಸರ್, ಈ ಗುಗ್ಗುಳ ನಿಮಗೆ ಮರಳಿನಲ್ಲಿ ಸಿಕ್ಕಿತೋ ಕಲ್ಲಿನಲ್ಲೋ?"

ಅವನು ಕರವಸ್ತ್ರ ತೆಗೆದ. "ಲೋಲಾಕ್ಷಿ, ಇದು ನಂತರ ಮಾತಾಡುವಾ" ಎಂದ.

"ನಂತರ ಬೇಡ. ನಿಮ್ಮ ಗುರುತು ಮರಳುದಿಬ್ಬದ ಮೇಲೆ ಉಂಟು. ಅಲ್ಲಿ ಗುಗ್ಗುಳ ಬೆಳೆಯುದಿಲ್ಲ ಅಂತ ನನ್ನ ಹನ್ನೆರಡನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು. ಗಿಡ ಎಲ್ಲಿದೆ, ನಾನು ತೋರಿಸ್ತೇನೆ."

ಪರದೆಯ ಲ್ಯಾಪ್‌ಟಾಪು ತೃಪ್ತಿಯ ಮುಂದಿತ್ತು. ಅಕ್ಷಾಂಶ, ರೇಖಾಂಶ ಮೈಕಿನಲ್ಲೇ ಓದಿ ಹೇಳಿದೆ. ಹುಡುಗಿ ಕೈ ಹಿಂದೆ ತೆಗೆದಳು. "ಬ್ಯಾಡ್ರಿ ಮೇಡಂ, ಇದು ಮುಚ್ಚಿಡೂ ಗಿಡ ಅದ" ಎಂದು ಮೆಲ್ಲಗೆ ಅಂದಳು. ನಾನೇ ಹತ್ತಿರ ಹೋಗಿ ಒತ್ತಿದೆ. ಪರದೆಯ ತುಂಬ ಕಪ್ಪು ಗುಡ್ಡ, ನಡುವೆ ದೇವಿಯ ಬಿಳಿ ಕಟ್ಟೆ.

"ಈ ಬಿಳಿ ಚುಕ್ಕೆ ಯಾವುದು ಸರ್? ನೀವು ಗಿಡ ಕೊಯ್ದದ್ದು ಇದರ ಎದುರಿಗೇ. ಎಂತ ಅಂತ ಹೇಳಿ."

ಅವನು ಪರದೆ ನೋಡಿದ, ನನ್ನನ್ನು ನೋಡಿದ. "ಬಾವಿ" ಎಂದ.

"ಬಾವಿ ಅಲ್ಲ. ದೇವಿಯ ಕಟ್ಟೆ. ಇವರು ಅಲ್ಲಿಗೆ ಬಂದೇ ಇಲ್ಲ. ಆ ಗಿಡ ತಂದವಳು ನಾನು" ಎಂದು ಮೈಕಿನಲ್ಲಿ ಹೇಳಿದೆ. ನಿಧಾನವಾಗಿ, ಕನ್ನಡ ಹಿಂದಿ ಎರಡರಲ್ಲೂ ಹೇಳಿದೆ, ಯಾರಿಗೂ ತಪ್ಪಬಾರದು ಎಂದು.

ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತ್ತು, ಪರದೆಯ ಫೋಟೋ ತೆಗೆಯುತ್ತಿದ್ದರು. ಅನಘಾ ಓಡಿ ಬಂದು ಪ್ರೊಜೆಕ್ಟರಿನ ವಯರು ಕಿತ್ತುಹಾಕಿದರು. ಕೊನೆಗೂ ತಮ್ಮವನನ್ನೇ ಕಾಪಾಡಿದರು. ಕಮಲಾಕ್ಷ ಶಾಲು ಹೊದೆಯದೆ ಹಿಂದಿನ ಬಾಗಿಲಿನಿಂದ ಹೋದ. ಹಿಂದಿನ ಬಾಗಿಲು ಅಂದರೆ ಹೇಗಿರುತ್ತದೆ ಎಂದು ಅವನಿಗೂ ಗೊತ್ತಾಗಲಿ.

ರಾತ್ರಿ ಊಟಕ್ಕೆ ಪಾಯಸ ಮಾಡಿದೆ. ಇವರು ಒಂದು ಲೋಟ ಕುಡಿದು, "ಅವನಿಗೆ ಮಕ್ಕಳುಂಟಾ?" ಎಂದು ಕೇಳಿದರು. ಅದಕ್ಕೂ ಇದಕ್ಕೂ ಏನು ಸಂಬಂಧವೋ.

ಡಿಸೆಂಬರ್ 15, ಸೋಮವಾರ

ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ನಾನೇ ಮಾತು. ಪರದೆಯ ಫೋಟೋ ಎಲ್ಲ ಕಡೆ ಓಡಾಡುತ್ತಿದೆ, ನಾನು ಮೈಕು ಹಿಡಿದು ನಿಂತದ್ದು, ಹಿಂದೆ ಗುಡ್ಡ. ಅದನ್ನು ತೆಗೆಯಿರಿ ಎಂದು ಅನಘಾ ಎಲ್ಲರಿಗೂ ಸಂದೇಶ ಹಾಕಿದ್ದಾರೆ. ಯಾಕೆ ತೆಗೆಯಬೇಕು? ನನ್ನ ಮುಖವೂ ಮುಚ್ಚಿಡುವ ಗಿಡವಾಯಿತೋ ಏನೋ.

ಮಧ್ಯಾಹ್ನ ಹಣಮಂತ್ರಾಯರ ಫೋನು ಬಂತು. ಸನ್ಮಾನ ಕೆಟ್ಟಿತೆಂದು ಸಿಟ್ಟಾಗಿರಬಹುದು ಅಂದುಕೊಂಡೆ.

"ಅಕ್ಕಾರ, ಭಾಳ ಛಲೋ ಮಾಡಿದ್ರಿ. ಖರೇ ಸನ್ಮಾನ ನಿಮಗ ಆಗ್ಬೇಕಿತ್ರಿ. ಡಾಕ್ಟರ್ ಲೋಲಾಕ್ಷಿ ಮುಂಡಪ್ಪ ಅಂತ ಬೋರ್ಡ್ ಬರಸ್ತೀನಿ, ನೀವು ಒಮ್ಮೆ ಗೋದಾಮಿಗೆ ಬರ್ರಿ" ಎಂದರು.

ಇಷ್ಟು ದಿನದಲ್ಲಿ ನನ್ನ ಹೆಸರನ್ನು ಡಾಕ್ಟರ್ ಸಮೇತ ಪೂರ್ತಿ ಹೇಳಿದ ಮೊದಲ ಮನುಷ್ಯ. ಆ ಮರುಭೂಮಿಯ ಕತೆ ಹೇಳಿ ಎಂದು ಕೇಳಿದರು, ಹೇಳಿದೆ. ಒಂಟೆಯವನ ಕತೆಯನ್ನೂ ಹೇಳಿದೆ. ದೇವಿ ಅಂದರೆ ಅವರಿಗೆ ತುಂಬ ಭಕ್ತಿಯಂತೆ. "ಒಮ್ಮೆ ದರ್ಶನಕ್ಕ ಹೋಗ್ಬೇಕ್ರಿ. ಜೀಪು ಎಲ್ಲಿ ತನಕ ಹೋಗ್ತದ?" ಎಂದರು. ಬಾವಿಯ ತನಕ ಹೋಗುತ್ತದೆ, ಅಲ್ಲಿಂದ ಜೋಡಿಕಲ್ಲಿನ ಹತ್ತಿರ ಎಡಕ್ಕೆ ತಿರುಗಬೇಕು, ಬಲಕ್ಕೆ ಹೋದರೆ ಹೊಳೆಯ ಮರಳಿನಲ್ಲಿ ಸಿಕ್ಕಿಬೀಳುತ್ತೀರಿ ಎಂದು ಹೇಳಿದೆ. ಮರ್ಯಾದಸ್ಥರು. ಬಾಯಿತುಂಬ ಮಾತಾಡುತ್ತಾರೆ.

ಜನವರಿ 8, 2026, ಗುರುವಾರ

ಅನಘಾ ಕಳಿಸಿದ ಮನುಷ್ಯ ಓರಣಕ್ಕೆ ಹೋಗಿ ಬಂದಿದ್ದಾನೆ. ಗಿಡಗಳು ಅಲ್ಲೇ ಇವೆ, ನಾನು ಹೇಳಿದ ಹಾಗೆಯೇ ಕಟ್ಟೆಯ ಎದುರಿಗೆ. ಚಂದ್ರಬಾಯಿ ಬದುಕಿದ್ದಾಳೆ, ಕಣ್ಣು ಮಂಜಾಗಿದೆಯಂತೆ. ನನ್ನ ಹೆಸರು ಹೇಳಿದಾಗ ಗುರುತು ಹಿಡಿದು, ಬೆಹನ್ ಕಳಿಸಿದವರು ಎಂದು ಅವನಿಗೆ ಮಜ್ಜಿಗೆ ಕೊಟ್ಟಳಂತೆ.

ಸಮಿತಿಯ ತೀರ್ಮಾನ ನನ್ನ ಕಡೆ. ಥಾರಿನ ಎಲ್ಲ ಹಾಳೆಗಳಿಗೂ ನನ್ನ ಹೆಸರು ಬರುತ್ತದೆ.

ಜನವರಿ 27, ಮಂಗಳವಾರ

ಕಮಲಾಕ್ಷ ಫೋನು ಮಾಡಿದ. ಮುಖ್ಯಸ್ಥನ ಕುರ್ಚಿ ಬಿಟ್ಟಿದ್ದಾನಂತೆ. ಬಿಡಿಸಿದ್ದಾರೆ ಎನ್ನುವುದು ಸರಿ. ಕ್ಷಮೆ ಕೇಳುತ್ತಾನೆ ಎಂದು ಕಿವಿ ತೆರೆದು ಕೂತೆ.

"ಹೆಸರಿನ ವಿಷಯದಲ್ಲಿ ನಾನು ಮಾಡಿದ್ದು ತಪ್ಪೇ ಲೋಲಾಕ್ಷಿ. ಆದ್ರೆ ಆ ಜಾಗ ತೋರಿಸಬಾರದಿತ್ತು ನೀನು."

"ನಿನಗೆ ಅದರ ಚಿಂತೆ ಯಾಕೆ?"

"ಗುಗ್ಗುಳ ಮರಳಲ್ಲಿ ಆಗುದಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಜಾಗ ನನಗೆ ಗೊತ್ತಿರ್ಲಿಲ್ಲ. ಎಲ್ಲಿಯಾದ್ರೂ ಒಂದು ಕಡೆ ಇಡಲೇಬೇಕಿತ್ತು. ಯಾರಾದ್ರೂ ಕದ್ದು ನೋಡಿ ಹುಡುಕಿಕೊಂಡು ಹೋದ್ರೂ ಬರೀ ಮರಳು ಸಿಗಲಿ ಅಂತ ಅಲ್ಲಿ ಇಟ್ಟೆ."

ಸುಳ್ಳು. ಸೋತ ಮೇಲೆ ಹೊಸೆದ ಕತೆ. ಫೋನು ಇಟ್ಟುಬಿಟ್ಟೆ. ಆಮೇಲೆ ಒಂದು ಗಂಟೆ ಪಾತ್ರೆ ತಿಕ್ಕಿದೆ, ತೊಳೆದಿದ್ದ ಪಾತ್ರೆಗಳನ್ನೂ ತಿಕ್ಕಿದೆ.

ಫೆಬ್ರವರಿ 11, ಬುಧವಾರ

ಬಂತು. ಗಾಡಿಯಲ್ಲಿ ನಿಂತುಕೊಂಡೇ ಪೋರ್ಟಲು ತೆರೆದೆ. ಸಂಗ್ರಹಿಸಿದವರು: ಡಾ. ಲೋಲಾಕ್ಷಿ. ಕೇರ್ ಪೊದೆ, ಫೋಗ್ ಪೊದೆ, ಗುಗ್ಗುಳ, ಎಲ್ಲ ಹಾಳೆಗಳಲ್ಲೂ. ಠಾಕುರ್ಲಿಯಿಂದ ಕಲ್ಯಾಣದವರೆಗೆ ಅದನ್ನೇ ನೋಡಿದೆ.

ನಿಕಿತಾಳಿಗೆ ಕಳಿಸಿದೆ. ಹೆಬ್ಬೆರಳಿನ ಗುರುತು ಬಂತು, ಅಷ್ಟೇ. ಅವಳು ಈಚೆಗೆ ಗೆಳತಿಯ ಮನೆಯಲ್ಲೇ ಹೆಚ್ಚು ಓದುತ್ತಾಳೆ.

ಮಾರ್ಚ್ 23, ಸೋಮವಾರ

ತೃಪ್ತಿಯ ಫೋನು. ಮೊದಲು ನಾಲ್ಕು ಸಲ ಊಟ ಆಯ್ತಾ ಎಂದು ಕೇಳಿದಳು.

"ಮೇಡಂ, ಅನಘಾ ಮೇಡಂ ಕಳಿಸಿದಾಂವ ಮತ್ತ ಹೋಗಿದ್ದ, ಓರಣದ ಫೋಟೋ ಬಂದಾವ್ರಿ. ನಿಮಗ ಕಳಸ್ಲೋ ಬ್ಯಾಡೋ ಅಂತ ನೋಡ್ಲಿಕತ್ತಿದ್ದೆ."

ಕಳಿಸು ಎಂದೆ. ಪ್ರತಿ ಗಿಡವನ್ನೂ ಬುಡದಿಂದ ತುದಿಯವರೆಗೆ ಸೀಳಿದ್ದಾರೆ. ಗಾಯದ ಬಾಯಿ ಕಪ್ಪಾಗಿದೆ, ಔಷಧಿ ಹಚ್ಚಿದ್ದಾರೆ. ಸಣ್ಣವುಗಳನ್ನು ಬೇರು ಸಮೇತ ಎಳೆದಿದ್ದಾರೆ. ಕಟ್ಟೆಯ ಮೇಲೆ ಯಾರೋ ಅಂಟಿನ ಚೀಲ ಇಟ್ಟು ತೂಗಿದ ಗುರುತು. ಜೀಪುಗಳಲ್ಲಿ ಬಂದಿದ್ದರಂತೆ, ಹೊರಗಿನ ಕೂಲಿಗಳು. ಚಂದ್ರಬಾಯಿ ಅಡ್ಡ ಕೂತಳಂತೆ, ಎತ್ತಿ ಪಕ್ಕಕ್ಕೆ ಕೂರಿಸಿದರಂತೆ. ತುಂಬ ದೂರದ ಬಾಂಬೆಯಿಂದ ಒಬ್ಬ ಸೇಠ್ ದೇವಿಗೆ ಶಾಲು ಕಳಿಸಿದ್ದಾನೆ ಎಂದು ಕಟ್ಟೆಗೆ ಹೊದಿಸಿ ಹೋಗಿದ್ದಾರೆ.

"ಅಜ್ಜಿ ಒಂದಽ ಕೇಳ್ತಾಳಂತ್ರಿ. ಜೋಡಿಕಲ್ಲಿನ ಹತ್ರ ಎಡಕ್ಕ ಹೊಳ್ಳೂದು ಅವರಿಗೆ ಯಾರು ಹೇಳಿದ್ರು ಅಂತ."

ಉಪಗ್ರಹದ ನಕ್ಷೆಯಲ್ಲಿ ಎಲ್ಲ ಕಾಣುತ್ತದೆ, ಈಗಿನ ಕಾಲದಲ್ಲಿ ಯಾರಿಗೂ ಯಾರೂ ಹೇಳಬೇಕಾಗಿಲ್ಲ ಎಂದೆ.

ಕಮಲಾಕ್ಷನ ಕೆಲಸ ಇದು. ಅವನು ನನ್ನ ಹೆಸರು ಕದಿಯದೆ ಇದ್ದಿದ್ದರೆ ನಾನು ಆ ಮೈಕು ಮುಟ್ಟುತ್ತಿರಲಿಲ್ಲ. ಅವತ್ತು ಚಾ ಕುಡಿಯುವಾ ಎಂದು ನಗದೆ ಇದ್ದಿದ್ದರೆ ಸಾಕಿತ್ತು, ಲಕೋಟೆಯನ್ನೇ ಕೊಡುತ್ತಿದ್ದೆ. ಪೊಲೀಸರು ಮೊದಲು ಹಿಡಿಯಬೇಕಾದದ್ದು ಅವನನ್ನು.

ಹಣಮಂತ್ರಾಯರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೂರು ಸಲ ಮಾಡಿದೆ.

ಮಾರ್ಚ್ 24, ಮಂಗಳವಾರ

ಅಡುಗೆ ಮಾಡಲಿಲ್ಲ. ಇವರು ಕ್ಯಾಂಟೀನಿನಿಂದ ಅನ್ನ ಸಾರು ತಂದರು. ಏನಾಯಿತು ಎಂದು ಕೇಳಿದರು. ತಲೆನೋವು ಎಂದೆ.

ಮಾರ್ಚ್ 26, ಗುರುವಾರ

ಗುಗ್ಗುಳದ ದಾಖಲೆಯಲ್ಲಿ ಒಂದು ಸಾಲು ಸೇರಿಸಬೇಕು ಎಂದು ತೃಪ್ತಿ ಹೇಳಿದಳು. ಆ ಜಾಗದಲ್ಲಿ ಗಿಡ ನಾಶವಾದರೆ ಹಾಳೆಯ ಕೆಳಗೆ ಹಾಗೆಂದು ಬರೆಯುತ್ತಾರೆ, ಸಂಗ್ರಹಿಸಿದವರು ಬದುಕಿದ್ದರೆ ಅವರೇ ಬರೆದು ಹೆಸರು ಹಾಕಬೇಕು. ಅದು ನಿಯಮ. ಮುಂದೆ ಯಾರು ಯಾವ ದೇಶದಲ್ಲಿ ಆ ಹಾಳೆ ತೆರೆದರೂ ಗಿಡದ ಫೋಟೋದ ಕೆಳಗೆ ಆ ಸಾಲು, ಸಾಲಿನ ಕೆಳಗೆ ಹೆಸರು.

ಮಧ್ಯಾಹ್ನವೆಲ್ಲ ಕೂತೆ. ಒಂದು ಸಾಲು ಬರೆಯಲು ಆಗಲಿಲ್ಲ. ಕೊನೆಗೆ ಅವಳಿಗೆ ಫೋನು ಮಾಡಿದೆ.

"ತೃಪ್ತಿ, ಬೇರೆ ಹಾಳೆಗಳದ್ದು ಹಾಗೇ ಇರಲಿ. ಈ ಗುಗ್ಗುಳದ ಒಂದು ಹಾಳೆಗೆ ಕಮಲಾಕ್ಷನ ಹೆಸರು ವಾಪಸ್ ಹಾಕ್ಲಿಕ್ಕೆ ಆಗ್ತದಾ? ಮೊದಲು ಇತ್ತಲ್ಲ, ಹಾಗೆ. ನನ್ನದು ಬೇಕಾದ್ರೆ ತೆಗೆ. ಇಲ್ಲ ಅಂದ್ರೆ ಇಬ್ಬರದ್ದೂ ಇರಲಿ."

ಅವಳ ಹಿಂದೆ ಯಾರೋ ಪ್ರಿಂಟರ್ ಕೆಟ್ಟಿದೆ ಎಂದು ಮರಾಠಿಯಲ್ಲಿ ಹೇಳುವುದು ಕೇಳುತ್ತಿತ್ತು.

"ಹ್ಯಾಂಗ ಹಾಕಲಿ ಮೇಡಂ?" ಎಂದಳು. "ಸರ್ ಅಲ್ಲಿಗೆ ಬಂದಽ ಇಲ್ಲ ಅಂತ ನೀವಽ ಹೇಳೀರಲ್ರಿ, ಎಲ್ಲಾರ ಮುಂದ."

ಹೌದು, ಬಂದಿರಲಿಲ್ಲ. ಅಲ್ಲಿಗೆ ಹೋದವಳು ನಾನೊಬ್ಬಳೇ.